ಒಂದರ ಹಿಂದೆ ಒಂದು ಸಾವು: ಕಣ್ಣೀರು ಬಾರದಿದ್ದರೆ ಅದು ಧೈರ್ಯ ಅಲ್ಲ

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಹಿರಿಯರಿಗೆ ಎಡೆ ಇಡೋದಕ್ಕೆ ಊರೆಲ್ಲ ತಯಾರಿ ನಡೆಸುವಾಗ ಕೆಲವು ಮನೆಯವರಿಗೆ ಮಾತ್ರ ಈ ದಿನ ಬರದೇ ಇದ್ರೆ ಸಾಕು ಅನ್ನಿಸುತ್ತೆ. ಒಂದೇ ವರ್ಷದಲ್ಲಿ ಹೋದ ಇಬ್ಬರು ಮೂವರ ಫೋಟೊ ಸಾಲಾಗಿಟ್ಟು ಹಾರ ಹಾಕಬೇಕಾದ ಮನೆಗಳಿವು.

2021ರ ಏಪ್ರಿಲ್, ಮೇ ತಿಂಗಳಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಇಂಥ ಮನೆಗಳು ಹೆಚ್ಚಾದವು. ಅಪ್ಪ ಹೋದ ವಾರಕ್ಕೇ ಅಮ್ಮನೂ ಹೋದರು, ಮುಖ ನೋಡೋಕೂ ಆಗಲಿಲ್ಲ. ಆ ಜೂನ್‌ನಲ್ಲಿ ಯಾರೂ ಬಂದು ಪಡೆಯದ 500ಕ್ಕೂ ಹೆಚ್ಚು ಜನರ ಅಸ್ಥಿಯನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಸರ್ಕಾರವೇ ವಿಸರ್ಜನೆ ಮಾಡಿತ್ತು.

ಒಂದು ಸೂತಕ ಇರುವಾಗಲೇ ಮನೆಯಲ್ಲಿ ಇನ್ನೊಂದು ಸಾವಾದರೆ ಎರಡನ್ನೂ ಒಟ್ಟಿಗೆ ಕಳೆಯುವ ಪದ್ಧತಿ ಅನೇಕ ಮನೆತನಗಳಲ್ಲಿದೆ. ಶಾಸ್ತ್ರಕ್ಕೆ ಅದು ಸರಿ. ದುಃಖ ಮಾತ್ರ ಹಾಗೆ ಒಟ್ಟಿಗೆ ಕಳೆಯಲ್ಲ. ಅಪ್ಪನಿಗೆ ಅಳಬೇಕಾದ ಹೊತ್ತಲ್ಲಿ ಅಮ್ಮನ ಆಕ್ಸಿಜನ್‌ಗೆ ಓಡಾಡಿದವರಿಗೆ ಅಪ್ಪನ ದುಃಖ ಹಾಗೇ ಬಾಕಿ ಉಳಿದಿರುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಕ್ಯಾಸ್ಟನ್‌ಬಾಮ್ 1969ರಲ್ಲೇ ಇದನ್ನು 'ಬಿರೀವ್‌ಮೆಂಟ್ ಓವರ್‌ಲೋಡ್' ಅಂತ ಕರೆದರು. ಲಾರಿಗೆ ಓವರ್‌ಲೋಡ್ ಆದ ಹಾಗೇ, ಮನಸ್ಸಿಗೂ.

ಹೀಗಾದಾಗ ತುಂಬಾ ಜನ ಅಳೋದಿಲ್ಲ. ತಿಥಿ ಮುಗಿದ ಮಾರನೇ ದಿನವೇ ಶಟರ್ ಎತ್ತಿ ವ್ಯಾಪಾರಕ್ಕೆ ಕೂತಿರ್ತಾರೆ. 'ಗಟ್ಟಿ ಮನುಷ್ಯ ಕಣಪ್ಪ' ಅಂತ ಊರು ಹೊಗಳುತ್ತೆ. ಆದರೆ ಅದು ಮರಗಟ್ಟಿದ ಮನಸ್ಸೂ ಆಗಿರಬಹುದು. ಚಿಲ್ಲರೆ ಲೆಕ್ಕ ಪದೇ ಪದೇ ತಪ್ಪೋದು, ಸಣ್ಣ ಮಾತಿಗೆ ಗಿರಾಕಿ ಮೇಲೆ ರೇಗೋದು, ನಿದ್ದೆ ಬರದೆ ಕುಡಿತಕ್ಕೆ ಬೀಳೋದು, 'ಇನ್ನು ಯಾರ ಸರದಿಯೋ' ಅನ್ನೋ ಭಯ. ಇದನ್ನೆಲ್ಲ ಮನೆಯವರಿಗಿಂತ ಮೊದಲು ಪಕ್ಕದ ಅಂಗಡಿಯವರೇ ಗಮನಿಸಬಹುದು.

ಹಾಗಂತ ಅಂಗಡಿ ತೆರೆಯೋದೇ ತಪ್ಪಲ್ಲ. ನೆದರ್‌ಲ್ಯಾಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ್ದು ಇದನ್ನೇ: ಮನುಷ್ಯ ಸ್ವಲ್ಪ ಹೊತ್ತು ದುಃಖದಲ್ಲಿ, ಸ್ವಲ್ಪ ಹೊತ್ತು ಕೆಲಸದಲ್ಲಿ, ಹೀಗೆ ಆ ಕಡೆ ಈ ಕಡೆ ಓಡಾಡ್ತಾನೇ ಚೇತರಿಸಿಕೊಳ್ತಾನೆ. ಒಂದೇ ಕಡೆ ನಿಂತುಬಿಟ್ಟರೆ ಕಷ್ಟ.

'ಹೋದೋರು ಹೋದ್ರು, ಇರೋರು ನೋಡ್ಕೋಬೇಕು', 'ಇನ್ನೊಬ್ಬ ಮಗ ಇದಾನಲ್ಲ, ಸಮಾಧಾನ ಮಾಡ್ಕೊ' ಅನ್ನೋ ಮಾತುಗಳಿಂದ ಉಪಯೋಗ ಇಲ್ಲ. ಹೋದವರ ಬಗ್ಗೆ ಒಬ್ಬೊಬ್ಬರದ್ದೂ ಬೇರೆ ಬೇರೆಯಾಗಿ ಕೇಳಿ. ಅಪ್ಪ ಸಂತೆಯಲ್ಲಿ ಹೇಗೆ ಚೌಕಾಸಿ ಮಾಡ್ತಿದ್ರು, ಅಮ್ಮ ಯಾವ ಸಾರು ಚೆನ್ನಾಗಿ ಮಾಡ್ತಿದ್ರು. ಎಡೆ ಇಡುವ ದಿನ ಇದಕ್ಕೆ ಒಳ್ಳೆ ಸಮಯ, ಒಬ್ಬೊಬ್ಬರಿಗೂ ಅವರಿಗಿಷ್ಟವಾದದ್ದನ್ನೇ ಬಡಿಸ್ತಾರಲ್ಲ.

ಇನ್ನೂ ದೊಡ್ಡ ಸಹಾಯ ಅಂದ್ರೆ ಕಾಗದಪತ್ರದ್ದು. ಎರಡು ಸಾವು ಅಂದ್ರೆ ಎರಡು ಮರಣ ಪ್ರಮಾಣಪತ್ರ, ಆಸ್ತಿ ಇದ್ರೆ ಪೌತಿ ಖಾತೆ, ಬ್ಯಾಂಕು, ವಿಮೆ. ಒಂದೊಂದು ಕೌಂಟರಿನಲ್ಲೂ 'ಯಾವಾಗ ತೀರಿಕೊಂಡ್ರು' ಅಂತ ಕೇಳ್ತಾರೆ. ಆಗ ಜೊತೆಗೆ ಒಬ್ಬರು ನಿಂತಿದ್ರೆ ಸಾಕು. ಮರಣ ನೋಂದಣಿಗೆ 21 ದಿನ ಮೀರಬಾರದು. ಆದರೆ ಅಂಗಡಿ, ಜಮೀನು ಮಾರೋ ಮಾತನ್ನು, ಸಾಲದ ಒತ್ತಡ ಇಲ್ಲದಿದ್ದರೆ, ಒಂದಷ್ಟು ತಿಂಗಳು ಮುಂದಕ್ಕೆ ಹಾಕೋದೇ ಮೇಲು.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ ಪ್ರಕಾರ, ಆರು ತಿಂಗಳು ಕಳೆದ ಮೇಲೂ ತೀವ್ರ ದುಃಖ ಇಳಿಯದೆ, ದಿನದ ಕೆಲಸವನ್ನೂ ಮಾಡಲು ಬಿಡದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. 'ನಾನೂ ಅವರ ಹಿಂದೆ ಹೋಗ್ತೀನಿ' ಅನ್ನೋ ಮಾತು ಬಂದರೆ ಆರು ದಿನವೂ ಕಾಯಬೇಡಿ, ಅವರನ್ನು ಒಬ್ಬರೇ ಬಿಡಬೇಡಿ.

ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇದೆ. ಯಾವ ಮಂಗಳವಾರ ವೈದ್ಯರು ಬರ್ತಾರೆ ಅಂತ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ಒಬ್ಬರೇ ಹೋಗೋಕೆ ಮುಜುಗರ ಪಡ್ತಾರೆ, ಪಕ್ಕದ ಅಂಗಡಿಯವರು ಬೈಕಲ್ಲಿ ಕೂರಿಸಿಕೊಂಡು ಹೋದರೆ ಹೋಗ್ತಾರೆ.