ಬಿಳಿಯರ ಬ್ರೆಡ್ಡಿಗೆ ನಮ್ಮೂರಿನ ಖಾರ

ಜ್ವರ ಬಂದವರಿಗೆ ಬ್ರೆಡ್ಡು, ದುಡಿಯುವವರಿಗೆ ಮುದ್ದೆ. ನಮ್ಮ ಬಯಲುಸೀಮೆಯ ಹಿರಿಯರ ಲೆಕ್ಕ ಹೀಗಿತ್ತು. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರು ಬ್ರೆಡ್ಡಿನ ಪೊಟ್ಟಣ ಹಿಡಿದು ಹೋಗುತ್ತಿದ್ದುದು ಇದೇ ಕಾರಣಕ್ಕೆ. ಇಂದು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂಥ ಹೋಬಳಿ ಕೇಂದ್ರಗಳಲ್ಲೂ ಬೇಕರಿಯ ಬನ್ನು ಸಂಜೆಯ ಚಹಾಕ್ಕೆ ಜೊತೆ. ರೋಗಿಯ ಪಥ್ಯ ಊರವರ ತಿಂಡಿಯಾದದ್ದು ಹೇಗೆ?

ಉಬ್ಬಿಸಿ ಸುಟ್ಟ ಗೋಧಿ ರೊಟ್ಟಿಯನ್ನು ನಮ್ಮ ಪಶ್ಚಿಮ ಕರಾವಳಿಯಲ್ಲಿ ರೂಢಿಗೆ ತಂದವರು ಪೋರ್ಚುಗೀಸರು. 'ಪಾವ್' ಎಂಬ ಮಾತೇ ಅವರ ಭಾಷೆಯದು. ಗೋವೆಯಲ್ಲಿ ಹಿಟ್ಟು ಹುದುಗಿಸಲು ಸೇಂದಿ ಬಳಸುತ್ತಿದ್ದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರೆಡ್ಡು, ಕೇಕುಗಳ ರುಚಿ ಹತ್ತಿಸಿದವರು ಇಂಗ್ಲಿಷರು. ಸೇಂದಿ, ಮೊಟ್ಟೆ, ಪರಕೀಯರ ಕೈ: ಮಡಿವಂತ ಮನೆಗಳು ಈ ತಿನಿಸನ್ನು ದೂರವಿಡಲು ಇಷ್ಟು ಸಾಕಾಗಿತ್ತು.

ಸ್ವಾರಸ್ಯವೆಂದರೆ, ಅದನ್ನು ಹತ್ತಿರ ತಂದವರೂ ಮಡಿವಂತ ಸಮುದಾಯದವರೇ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಆರಂಭಿಸಿದರು. ಅವರ ಸಿಹಿತಿಂಡಿ ಅಂಗಡಿಗೆ ಬರುತ್ತಿದ್ದ ಇಂಗ್ಲಿಷ್ ಗಿರಾಕಿಯೊಬ್ಬರಿಂದ ಈ ವಿದ್ಯೆ ಬಂತೆಂಬುದು ಹೇಳಿಕೊಂಡು ಬಂದ ಮಾತು. ಮುಂದೆ ಹಾಸನ ಜಿಲ್ಲೆಯ ಹಳ್ಳಿಗಳಿಂದ ಅನೇಕ ಕುಟುಂಬಗಳು ಇದೇ ಕಸುಬು ಹಿಡಿದು ನಾಡಿನುದ್ದಕ್ಕೂ ಹರಡಿದವು. 'ಅಯ್ಯಂಗಾರ್ ಬೇಕರಿ' ಎಂಬ ಹೆಸರು ನಿಂತಿತು.

ಅವರು ಮಾಡಿದ್ದು ಎರಡೇ ಬದಲಾವಣೆ. ಮೊದಲನೆಯದು, ಮೊಟ್ಟೆ ಬಿಟ್ಟದ್ದು. ಬ್ರೆಡ್ಡಿಗೆ ಮೊಟ್ಟೆ ಬೇಕೇಬೇಕೆಂದಿಲ್ಲ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಹಿಟ್ಟಿನ ಸಕ್ಕರೆಯಂಶ ತಿಂದು ಅನಿಲ ಬಿಡುತ್ತದೆ. ಗೋಧಿಯ ಜಿಗುಟು ಅದನ್ನು ಹಿಡಿದಿಡುವುದರಿಂದ ಹಿಟ್ಟು ಉಬ್ಬುತ್ತದೆ. ಕಷ್ಟವಿದ್ದದ್ದು ಕೇಕಿನಲ್ಲಿ. ಅಲ್ಲಿ ಮೊಟ್ಟೆ ಮಾಡುವ ಕೆಲಸವನ್ನು ಮೊಸರಿನ ಹುಳಿ, ಅಡುಗೆ ಸೋಡಾ ಕೂಡಿ ಮಾಡಬಲ್ಲವು. ಎರಡನೆಯದು, ನಮ್ಮ ಅಡುಗೆಮನೆಯ ರುಚಿ ಸೇರಿಸಿದ್ದು. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬಿದ್ದೊಡನೆ ಸಪ್ಪೆ ಬನ್ನು ಖಾರಾ ಬನ್ನಾಯಿತು. ಕೊಬ್ಬರಿ, ಸಕ್ಕರೆಯ ಹೂರಣ ತುಂಬಿದ್ದು ದಿಲ್‌ಪಸಂದ್ ಆಯಿತು. ತೆಂಗು ಬೆಳೆಯುವ ಹೊಸದುರ್ಗದ ಸೀಮೆಗೆ ಅದು ಪರಕೀಯ ಎನಿಸೀತೇ?

ಹೊರಗಿನ ರೊಟ್ಟಿಗೆ ಮನೆಯ ರುಚಿ ಕೂಡಿಸಿದವರು ನಾವಷ್ಟೇ ಅಲ್ಲ. ಅಕ್ಕಿಯುಣ್ಣುವ ಫಿಲಿಪ್ಪೀನ್ಸಿಗೆ ಗೋಧಿ ರೊಟ್ಟಿ ಬಂದದ್ದು ಸ್ಪೇನಿನ ಆಳ್ವಿಕೆಯಲ್ಲಿ. ಅಲ್ಲಿನ 'ಪಾನ್ ದೆ ಸಾಲ್' ಎಂಬ ಪುಟ್ಟ ಬನ್ನಿನ ಹೆಸರಿಗೆ ಉಪ್ಪಿನ ರೊಟ್ಟಿ ಎಂದರ್ಥ. ಈಗ ಅದರ ರುಚಿ ಮಾತ್ರ ತುಸು ಸಿಹಿ. ಅದೇ ಅಲ್ಲಿನವರ ಬೆಳಗಿನ ತಿಂಡಿ. ರಷ್ಯನ್ನರು ಹುದುಗಿದ ಹಿಟ್ಟಿನೊಳಗೆ ಎಲೆಕೋಸು, ಆಲೂಗಡ್ಡೆ ತುಂಬಿ 'ಪಿರೋಷ್ಕಿ' ಮಾಡುತ್ತಾರೆ. ಹಿಟ್ಟು ಉಬ್ಬುವ ನಿಯಮ ಎಲ್ಲೆಡೆಯೂ ಒಂದೇ, ಹೂರಣ ಮಾತ್ರ ಆಯಾ ಊರಿನದು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಕೆಟ್ಟ ಪದ್ಧತಿ ಬಹುಕಾಲ ನಡೆಯಿತು. ಬೇಕರಿಯ ಬನ್ನಿಗೆ ತಟ್ಟೆ, ಲೋಟಗಳ ಹಂಗಿಲ್ಲ. ಕಾಗದದ ಚೂರಿನಲ್ಲಿ ಸುತ್ತಿ ಕೊಟ್ಟರಾಯಿತು. ಯಾರು ತಿಂದರೂ ತೊಳೆದಿಡುವ ಪಾತ್ರೆಯಿಲ್ಲ. ಹಾಗೆಂದು ಬೇಕರಿ ಜಾತಿಯನ್ನು ಅಳಿಸಿತೆಂದು ಹೇಳುವಂತಿಲ್ಲ. ಫಲಕದ ಮೇಲೆ ಜಾತಿಯ ಹೆಸರೇ ಇದೆ, ವ್ಯಾಪಾರ ಕುದುರುವುದೂ ಅದರಿಂದಲೇ.

ಆದರೆ ಆ ಹೆಸರಿನ ಅರ್ಥವೇ ಬದಲಾಗುತ್ತಿದೆ. ಈಗ ಬೇರೆ ಬೇರೆ ಸಮುದಾಯದವರೂ 'ಅಯ್ಯಂಗಾರ್ ಬೇಕರಿ' ನಡೆಸುತ್ತಾರೆ. ಎಷ್ಟೋ ಕಡೆ ಆ ಫಲಕದ ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿ ಖಾರಾ ಬನ್ನಿನ ಪಕ್ಕದಲ್ಲೇ ಎಗ್ ಪಫ್ ಕೂಡ ಬಿಸಿಬಿಸಿಯಾಗಿ ಕೂತಿರುತ್ತದೆ. ಕೊಳ್ಳುವವರು ಅದನ್ನೊಂದು ಸೋಜಿಗವೆಂದು ಎಣಿಸುವುದಿಲ್ಲ.