ಸಾಲಿಗೆ ತಕ್ಕ ಗಾಲಿ

ನಮ್ಮ ಕೊಟ್ಟಿಗೆಯ ಜಂತಿಯಲ್ಲಿ ಇವತ್ತಿಗೂ ಎರಡು ನೊಗಗಳಿವೆ. ಗಿಡ್ಡದು ನೇಗಿಲಿಗೆ, ಉದ್ದದ್ದು ಎಡೆಕುಂಟೆಗೆ. ಉದ್ದ ನೊಗ ಹೂಡಿದರೆ ಎತ್ತುಗಳು ಬೆಳೆಯನ್ನು ತುಳಿಯದೆ ಸಾಲಿನ ಅತ್ತಿತ್ತಲ ಎಡೆಯಲ್ಲೇ ನಡೆಯುತ್ತಿದ್ದವು. ‘ಎತ್ತಿಗೆ ತಕ್ಕಂಗ ಸಾಲು ಬಿಡಬ್ಯಾಡ, ಸಾಲಿಗೆ ತಕ್ಕಂಗ ನೊಗ ಕಟ್ಟು’ ಎನ್ನುತ್ತಿದ್ದರು ಅಪ್ಪ. ಈ ಮಾತು ಟ್ರ್ಯಾಕ್ಟರಿಗೂ ಸಲ್ಲುತ್ತದೆ ಎಂದು ತಿಳಿಯಲು ನನಗೆ ಒಂದು ಮುಂಗಾರಿನ ಬೆಳೆ ಹಾಳಾಗಬೇಕಾಯಿತು.

ಕೊಟ್ಟೂರಿನ ಹತ್ತಿರ ನಮ್ಮದು ಆರು ಎಕರೆ ಕೆಂಪು ನೆಲ. ಎತ್ತು ಮಾರಿ 35 ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರ್ ತಂದ ವರ್ಷ ಮೆಕ್ಕೆಜೋಳ ಬಿತ್ತಿದ್ದೆ. ಪೈರು ಗೇಣುದ್ದ ಬಂದಾಗ ಎಡೆ ಹೊಡೆಯಲು ಇಳಿದೆ. ನಾಲ್ಕು ಸುತ್ತು ಹೊಡೆದು ತಿರುಗಿ ನೋಡಿದರೆ, ಗಾಲಿ ಹೋದ ದಾರಿಯುದ್ದಕ್ಕೂ ಪೈರು ನೆಲಕ್ಕೆ ಒರಗಿತ್ತು. ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದೆ. ಅಪ್ಪ ಏನೂ ಅನ್ನಲಿಲ್ಲ. ಒಂದು ಟೇಪು ಕೈಗೆ ಕೊಟ್ಟು ‘ಅಳದು ನೋಡು’ ಎಂದರು.

ಅಳೆದೆ. ಸಾಲಿನಿಂದ ಸಾಲಿಗೆ 60 ಸೆಂ.ಮೀ. ಎರಡು ಸಾಲುಗಳನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು, ಆಚೀಚಿನ ಎಡೆಗಳ ನಟ್ಟನಡುವೆ ಗಾಲಿ ಉರುಳಬೇಕಾದರೆ ಎರಡು ಗಾಲಿಗಳ ನಡುಮಧ್ಯದ ಅಂತರ 120 ಸೆಂ.ಮೀ. ಇರಬೇಕು. ನನ್ನ ಟ್ರ್ಯಾಕ್ಟರಿನಲ್ಲಿ ಇದ್ದದ್ದು 56 ಇಂಚು, ಅಂದರೆ 142 ಸೆಂ.ಮೀ. ಪ್ರತಿ ಗಾಲಿಯೂ 11 ಸೆಂ.ಮೀ. ಹೊರಗೆ ಸರಿದಿತ್ತು. ಹಿಂದಿನ ಟೈರಿನ ಅಗಲ 12.4 ಇಂಚು, ಸುಮಾರು 31 ಸೆಂ.ಮೀ. ಎಡೆಯ ನಡುವೆ ಉರುಳಿದ್ದರೆ ಟೈರಿನ ಎರಡೂ ಬದಿಗೆ 14 ಸೆಂ.ಮೀ. ಜಾಗ ಉಳಿಯುತ್ತಿತ್ತು. ಹೊರಬದಿಯ ಸಾಲಿಗೆ ಉಳಿದದ್ದು ಬರೀ ಮೂರು. ಚಾಲಕನ ಕೈ ಒಂದಿಷ್ಟು ಅಲುಗಿದರೆ ಪೈರು ಹೋಯಿತು.

ಮರುದಿನ ಕೊಟ್ಟೂರಿನ ಮೇಸ್ತ್ರಿಯೊಬ್ಬರು ಗಾಲಿಯ ನಡುವಿನ ತಟ್ಟೆಯನ್ನು ತೋರಿಸಿದರು. ಕಾರಿನಲ್ಲಿ ಹಿಂದಿನ ಗಾಲಿಗೂ ಮೈಗೂ ನಡುವೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಇರುತ್ತವೆ. ಗಾಲಿ ಸರಿಸಬೇಕೆಂದರೆ ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಟ್ರ್ಯಾಕ್ಟರಿನ ಹಿಂಬದಿಗೆ ಸ್ಪ್ರಿಂಗೇ ಇಲ್ಲ. ಟೈರಿನ ಗಾಳಿಯೇ ಅದರ ಸ್ಪ್ರಿಂಗು. ಅಚ್ಚಿಗೆ ತಟ್ಟೆಯಾಕಾರದ ಡಿಸ್ಕು, ಡಿಸ್ಕಿಗೆ ರಿಮ್ಮು, ಎಲ್ಲ ಬೋಲ್ಟಿನಿಂದ ಕೂಡಿಸಿದ್ದು. ತಟ್ಟೆಯ ಗುಳಿ ಒಳಮುಖವೋ ಹೊರಮುಖವೋ, ರಿಮ್ಮಿನ ಕಿವಿ ಅದರ ಯಾವ ಬದಿಗೆ ಕೂತಿದೆ ಎಂಬುದರ ಮೇಲೆ ಗಾಲಿ ಒಳಗೋ ಹೊರಗೋ ಹೋಗುತ್ತದೆ.

ಇದು ಹೊಸ ಜಾಣತನವಲ್ಲ. 1924ರಲ್ಲೇ ಅಮೆರಿಕದಲ್ಲಿ ಸಾಲು ಬೆಳೆಗೆಂದೇ ‘ಫಾರ್ಮಾಲ್’ ಟ್ರ್ಯಾಕ್ಟರ್ ಬಂದಿತ್ತು. ಆಮೇಲೆ ಐರ್ಲೆಂಡಿನ ಹ್ಯಾರಿ ಫರ್ಗುಸನ್ ರೂಪಿಸಿದ ಟಿಇ-20 ಟ್ರ್ಯಾಕ್ಟರಿನ ಗಾಲಿಗಳನ್ನು 48 ಇಂಚಿನಿಂದ 76 ಇಂಚಿನವರೆಗೆ ನಾಲ್ಕು ನಾಲ್ಕು ಇಂಚಿನಂತೆ ಸರಿಸಬಹುದಿತ್ತು. ನಮ್ಮ ಟ್ರ್ಯಾಕ್ಟರಿನದೂ ಅದೇ ಬಗೆಯ ಕಟ್ಟು. 48 ಇಂಚಿಗೆ ತಂದರೆ 122 ಸೆಂ.ಮೀ. ಬೇಕಾದ ಅಳತೆಗೆ ಗಾಲಿಗೆ ಒಂದೇ ಸೆಂಟಿಮೀಟರಿನ ವ್ಯತ್ಯಾಸ.

ಕೆಲಸಕ್ಕೆ ಇಬ್ಬರಾದರೂ ಬೇಕು. ಗಟ್ಟಿಯಾದ ಮಟ್ಟಸ ನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಅಚ್ಚಿನ ಕೆಳಗೆ ಜಾಕಿ ಏರಿಸಬೇಕು. ಜಾಕಿಯೊಂದನ್ನೇ ನಂಬದೆ ಮರದ ದಿಮ್ಮಿ ಇಡಬೇಕು. ಟೈರಿಗೆ ನೀರು ತುಂಬಿಸಿದ್ದರೆ ಮೊದಲು ಇಳಿಸಬೇಕು. ಗಾಲಿಯನ್ನು ಮಗುಚಿ ಹಾಕಿದರೆ ಟೈರಿನ ಹಲ್ಲು ಹಿಂದುಮುಂದಾಗುತ್ತದೆ. ಆದ್ದರಿಂದ ಎಡಗಾಲಿಯನ್ನು ಬಲಕ್ಕೆ, ಬಲಗಾಲಿಯನ್ನು ಎಡಕ್ಕೆ ಹಾಕಿ, ಟೈರಿನ ಮೇಲಿನ ಬಾಣದ ಗುರುತು ಮುಂದಕ್ಕೆ ಉರುಳುವಂತಿದೆಯೇ ಎಂದು ನೋಡಬೇಕು. ಮುಂದಿನ ಗಾಲಿಗಳನ್ನೂ ಅದೇ ಅಳತೆಗೆ ತರಬೇಕು. ಒಂದು ತಾಸು ಓಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಲೇಬೇಕು.

ಗಾಲಿ ಒಳಗೆ ಬಂದಷ್ಟೂ ಟ್ರ್ಯಾಕ್ಟರ್ ಮಗುಚುವ ಭಯ ಹೆಚ್ಚು. ಕೂಡ್ಲಿಗಿ ಕಡೆಯ ಗುಡ್ಡದ ಇಳಿಜಾರಿನಲ್ಲಿ, ಹೊಲದ ಬದುವಿನ ಮೇಲೆ ಇದನ್ನು ಮರೆಯುವಂತಿಲ್ಲ. ಎಡೆ ಹೊಡೆಯುವುದು ಮುಗಿದ ಕೂಡಲೇ ಗಾಲಿಯನ್ನು ಮತ್ತೆ ಅಗಲಕ್ಕೆ ಹಾಕಿಯೇ ನಾನು ಟ್ರೇಲರ್ ಕಟ್ಟುತ್ತೇನೆ. ಹಾಗೆಂದು ತುಂಡು ಕಬ್ಬಿಣ ಬೆಸೆದು ಗಾಲಿಯನ್ನು ಇನ್ನೂ ಹೊರಗೆ ತಳ್ಳುವುದೂ ತಪ್ಪು. ಗಾಲಿ ಹೊರಗೆ ಹೋದಷ್ಟೂ ಅಚ್ಚನ್ನು ಬಗ್ಗಿಸುವ ಭಾರ ಏರುತ್ತದೆ. ಅಚ್ಚಿನ ಬೆಲೆ ಏನೆಂದು ನಮ್ಮ ಊರಿಗೆ ಗೊತ್ತಿದೆ. 2017ರ ಫೆಬ್ರವರಿಯಲ್ಲಿ ಗುರು ಕೊಟ್ಟೂರೇಶ್ವರರ ತೇರು ಅಚ್ಚು ಮುರಿದು ಉರುಳಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಎಲ್ಲ ಬೆಳೆಗೂ ಈ ಉಪಾಯ ನಡೆಯದು. ಶೇಂಗಾ ಸಾಲಿನ ಅಂತರ 30 ಸೆಂ.ಮೀ.; ನಮ್ಮ ಟೈರೇ ಅದಕ್ಕಿಂತ ಅಗಲ. ಅಲ್ಲಿ ಇವತ್ತಿಗೂ ಎತ್ತಿನ ಎಡೆಕುಂಟೆಯೇ ಸರಿ. ಹಡಗಲಿಯ ಮಲ್ಲಿಗೆ ತೋಟಗಳಲ್ಲಿ ಗಿಡದ ಬುಡಕ್ಕೆ ಕೈಗುದ್ದಲಿಯೇ ಬೇಕು. ಆದರೆ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಮೆಕ್ಕೆಜೋಳದ ಹೊಲಗಳಿಗೆ ಇದು ಖಂಡಿತ ಒದಗುತ್ತದೆ. ಗಾಲಿ 48 ಇಂಚಿಗೆ ಬಾರದ ಟ್ರ್ಯಾಕ್ಟರ್ ಇದ್ದವರು ಕೂರಿಗೆಯನ್ನೇ ಹೊಂದಿಸಿಕೊಳ್ಳಬಹುದು: ಗಾಲಿಯ ಅಂತರ 52 ಇಂಚಿದ್ದರೆ 66 ಸೆಂ.ಮೀ.ಗೆ ಸಾಲು ಬಿಟ್ಟರಾಯಿತು. ಅಪ್ಪನ ಮಾತನ್ನು ಇಲ್ಲಿ ತಿರುವುಮುರುವು ಮಾಡಬೇಕಾಗುತ್ತದೆ. ‘ಬೀಜ ನೆಲಕ್ಕೆ ಬೀಳೋದ್ರೊಳಗ ಲೆಕ್ಕ ಕೂಡಿದ್ರಾತು’ ಎಂದು ಅವರೂ ಒಪ್ಪಿದರು.

ಈಗ ಮೃಗಶಿರಾ ಮಳೆಗೆ ಮುಂಚೆ ಅಕ್ಕಪಕ್ಕದ ಹೊಲದವರು ನಮ್ಮ ಮನೆಗೆ ಟೇಪು ಕೇಳಿಕೊಂಡು ಬರುತ್ತಾರೆ. ಕೂರಿಗೆಯ ತಾಳಿನಿಂದ ತಾಳಿಗೆ, ಗಾಲಿಯಿಂದ ಗಾಲಿಗೆ, ಟೈರಿನ ಅಗಲ, ಹೀಗೆ ಮೂರು ಅಳತೆ. ಅಪ್ಪ ಕಟ್ಟೆಯ ಮೇಲೆ ಕೂತು ಅವರಿಗೆ ಕೊಟ್ಟಿಗೆಯ ಉದ್ದ ನೊಗವನ್ನು ತೋರಿಸುತ್ತಾರೆ.