ಬಿಪಿ ಯಂತ್ರವೋ, ಕೈ ಇಟ್ಟ ರೀತಿಯೋ?

ಪ್ರಶ್ನೆ: ಒಂದೇ ದಿನ ಎರಡು ಕ್ಲಿನಿಕ್‌ಗಳಲ್ಲಿ ಬಿಪಿ ಬೇರೆ ಬೇರೆ ಬಂತು. ಯಾವುದನ್ನು ನಂಬಲಿ?

ಉತ್ತರ: ಯಂತ್ರವನ್ನು ದೂರುವ ಮೊದಲು ನಿಮ್ಮ ಕೈ ಎಲ್ಲಿತ್ತು ಎಂದು ನೆನಪಿಸಿಕೊಳ್ಳಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆಮಟ್ಟದ ಮೇಜಿನ ಮೇಲೆ ಕೈಯಿಟ್ಟಾಗ ಬಂದದ್ದಕ್ಕಿಂತ ತೊಡೆಯ ಮೇಲಿಟ್ಟಾಗ ಮೇಲಿನ ಅಂಕಿ ಸರಾಸರಿ 4ರಷ್ಟು, ಜೋತುಬಿಟ್ಟಾಗ 6.5ರಷ್ಟು ಹೆಚ್ಚು ಬಂತು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರಂತೂ ಏರಿಕೆ ಇನ್ನೂ ದೊಡ್ಡದಾಗಬಹುದು. ಪ್ರತಿ ಭೇಟಿಯಲ್ಲೂ ಇದೇ ತಪ್ಪಾದರೆ, 134 ಇರುವವರು 140 ದಾಟಿ ಬೇಡದ ಮಾತ್ರೆ ನುಂಗಬೇಕಾದೀತು. ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಮಾತಾಡದೆ ಕೂತ ಮೇಲೆ ಎರಡು ಸಲ ಅಳೆದದ್ದನ್ನು ನಂಬಿ. ರೋಗಿಗಳ ಸಾಲು ಬಾಗಿಲಾಚೆ ನಿಂತಿರುವಾಗ ಅಷ್ಟು ಪುರುಸೊತ್ತೆಲ್ಲಿ ಎಂದು ವೈದ್ಯರು ಕೇಳಬಹುದು, ನ್ಯಾಯವೇ. ಆದರೆ ರೋಗಿಗಳು ಹೇಗೂ ಬೆಂಚಿನ ಮೇಲೆ ಕಾಯುತ್ತಾರಲ್ಲ, ಅಲ್ಲೇ ಒಂದು ಮೇಜು, ಬೇರೆ ಬೇರೆ ಅಳತೆಯ ಪಟ್ಟಿಗಳನ್ನಿಟ್ಟು ನರ್ಸ್ ಅಳೆಯಬಹುದು.